ಹಳದಿ ಚೀಟಿಗೆ ಹಸಿರು ರೈಟು

ಮಾರ್ಚ್ 4, ಸೋಮವಾರ. ಊಟದ ಬಿಡುವು

ಇವತ್ತೂ ಆರು ಚೀಟಿ ಬರೆದುಕೊಟ್ಟೆ. ಕೈ ಸೋತಿತು ಎಂದು ಎಲ್ಲರ ಮುಂದೆ ಕೊಡವಿ ತೋರಿಸಿದೆ. ಸೋತಿರಲಿಲ್ಲ. ಇನ್ನೊಂದು ಬರೆದುಕೊಡಿ ಮಾವ ಎಂದು ಯಾರಾದರೂ ಗೋಗರೆಯಲಿ ಎಂಬ ಆಸೆ... ಗೋಗರೆದರು.

ಹೊಸ ಲಾರಿ ಡ್ರೈವರ್ ಬೋರ್ಡಿನ ಮುಂದೆ ಬಾಯಿ ಬಿಟ್ಟುಕೊಂಡು ನಿಂತಿದ್ದ. ಇಷ್ಟೊಂದು ಹಳದಿ ಚೀಟಿ ಏನು, ಗೋಡೆಗೆ ಕಾಮಾಲೆಯಾ ಎಂದ. ಕೂರಿಸಿ ಪಾಠ ಮಾಡಿದೆ. ಇದು ಆಸ್ಪತ್ರೆ ಬಟ್ಟೆ ಒಗೆಯುವ ಲಾಂಡ್ರಿ ಕಣಯ್ಯ. ದಿನಕ್ಕೆ ನಾಲ್ಕು ಲಾರಿ ಬೆಡ್‌ಶೀಟು ಬರುತ್ತದೆ, ನಾಲ್ಕು ಲಾರಿ ಹೋಗುತ್ತದೆ. ಮೊದಲು ಇಲ್ಲಿ ಬಾಯಿ ತೆರೆದವರಿಗೆ ಗೇಟು ತೋರಿಸುತ್ತಿದ್ದರು. ಬಚ್ಚಲಿಗೆ ಹೋಗಲೂ ಟೋಕನ್. ಶೀಟು ಇಸ್ತ್ರಿ ಮಾಡುವ ಬಿಸಿ ರೋಲರ್ ಮುಂದೆ ನಿಂತವರು ಎಂಟು ಗಂಟೆ ಅಲ್ಲೇ ಬೇಯಬೇಕು. ಈಗ ನನ್ನ ಅಕ್ಕನ ಮಗಳು ಸೂಪರ್‌ವೈಸರ್. ಅವಳು ತಂದ ಪದ್ಧತಿ ಇದು. ಬೆಳಗ್ಗೆ ಹತ್ತು ನಿಮಿಷ ಯಂತ್ರವೆಲ್ಲ ಬಂದ್, ಎಲ್ಲರೂ ಬೋರ್ಡಿನ ಮುಂದೆ. ಕೆಲಸದಲ್ಲಿ ಏನು ತೊಂದರೆ, ಏನು ಮಾಡಿದರೆ ಸುಲಭ, ಅದನ್ನು ಕೆಲಸ ಮಾಡುವವರೇ ಹಳದಿ ಚೀಟಿಯಲ್ಲಿ ಬರೆದು ಹೆಸರು ಹಾಕಿ ಅಂಟಿಸುವುದು. ಗಟ್ಟಿಯಾಗಿ ಓದುವುದಿಲ್ಲ, ಹೆಸರು ಕೂಗುವುದಿಲ್ಲ — ನಾಚಿಕೆಯವರೂ ಹೇಳಲಿ ಎಂದು. ಮೂರು ದಿನದೊಳಗೆ ಆಫೀಸಿನವರು ಸರಿಮಾಡಿ, ಅದೇ ಚೀಟಿಯ ಮೇಲೆ ಹಸಿರು ಪೆನ್ನಿನಲ್ಲಿ ರೈಟ್ ಹಾಕಬೇಕು. ಮತ್ತೆ, ಎರಡು ಗಂಟೆಗೊಮ್ಮೆ ಜಾಗ ಬದಲು. ಮಡಚುವವರು ರೋಲರಿಗೆ, ರೋಲರಿನವರು ಮಡಚುವ ಮೇಜಿಗೆ.

ಇಲ್ಲಿ ಅರ್ಧ ಜನಕ್ಕೆ ಅಕ್ಷರ ಬಾರದು. ಬರುವವರಿಗೆ ತಮ್ಮ ಕಾಗೆಕಾಲಿನ ನಾಚಿಕೆ. ಹಾಗಾಗಿ ನಾನು. ಓದಿದ್ದು ಊರ ಶಾಲೆಯಲ್ಲಿ ನಾಲ್ಕನೇ ಕ್ಲಾಸು, ಅಕ್ಷರ ಮಾತ್ರ ಅಚ್ಚು ಹಾಕಿದ ಹಾಗೆ.

"ಅಂದ್ರೆ ಈ ಫ್ಯಾಕ್ಟರಿ ನಡೆಸೋದು ನೀವೇ ಅನ್ನಿ" ಎಂದ ಡ್ರೈವರ್. ಅಲ್ಲ ಎನ್ನಲು ನಾಲಗೆ ಏಳಲಿಲ್ಲ.

ಮಾರ್ಚ್ 6, ಬುಧವಾರ. ಸಂಜೆ

ಮಡಚುವ ಮೇಜಿನ ಹೆಂಗಸು ಬಂದಳು. ನಾವೆಲ್ಲ ಪಿಸುಮಾತಿನಕ್ಕ ಎನ್ನುತ್ತೇವೆ. ಅವಳಾಡಿದ ಮಾತು ಅವಳ ಕಿವಿಗೇ ಮುಟ್ಟುವುದು ಕಷ್ಟ. ಒದ್ದೆ ಶೀಟಿನ ಗಾಡಿ ಬಾವಿಯಷ್ಟು ಆಳ, ತಳದ ಶೀಟು ಎತ್ತಲು ಬಗ್ಗಿ ಬಗ್ಗಿ ಸೊಂಟ ಹೋಯಿತು ಎಂದಳು. ತಳಕ್ಕೆ ಸ್ಪ್ರಿಂಗ್, ಅದರ ಮೇಲೊಂದು ಹಲಗೆ ಇಟ್ಟರೆ, ಶೀಟು ಕಮ್ಮಿಯಾದ ಹಾಗೆ ಹಲಗೆ ತಾನೇ ಮೇಲೆ ಬರುತ್ತದಲ್ಲ ಎಂದು ಎರಡು ಅಂಗೈ ಏರಿಸಿ ತೋರಿಸಿದಳು.

ದಂಗಾದೆ. ಹದಿನೆಂಟು ವರ್ಷ ನಾನೂ ಆ ಗಾಡಿಗೆ ಬಗ್ಗಿದ್ದೇನೆ. ಬೈದಿದ್ದೇನೆ, ಒದ್ದಿದ್ದೇನೆ. ಇದು ಹೊಳೆದಿರಲಿಲ್ಲ.

ಬರೆದೆ. ಕೊನೆಯಲ್ಲಿ ಹೆಸರು ಹಾಕುವಾಗ ಪೆನ್ನು ನನ್ನ ಹೆಸರನ್ನೇ ಬರೆಯಿತು. ಬೇಕೆಂದು ಅಲ್ಲ... ಬೇಕೆಂದೇ ಇರಬಹುದು. ಅವಳಿಗೆ ಓದು ಬಾರದು.

ಸಣ್ಣವನಿದ್ದಾಗಲೂ ಹೀಗೆಯೇ. ಊರವರ ಕಾಗದವೆಲ್ಲ ನಾನೇ ಬರೆಯುತ್ತಿದ್ದೆ, ಒಂದೊಂದು ಚಿಟಿಕೆ ನನ್ನದೂ ಉದುರಿಸುತ್ತಿದ್ದೆ. ಹಿಂದಿನ ಮನೆ ಅಜ್ಜಿ ದೂರದ ಮಗನಿಗೆ ಕಾಗದ ಬರೆಸಿದಾಗ, ಎಮ್ಮೆ ಅವಳಿ ಕರು ಹಾಕಿದೆ ಎಂದು ಸೇರಿಸಿದ್ದೆ. ಆ ಅಜ್ಜಿಗೆ ಎಮ್ಮೆಯೇ ಇರಲಿಲ್ಲ. ಇದನ್ನು ಬಾಯ್ಲರ್ ನೋಡಿಕೊಳ್ಳುವ ಅಣ್ಣನಿಗೆ ಹೇಳಿದೆ. ನಕ್ಕು ನಕ್ಕು ಅವನ ಚಹಾ ಚೆಲ್ಲಿತು.

ಮಾರ್ಚ್ 14, ಗುರುವಾರ

ಗಾಡಿ ಬಂತು! ಹೊಸದಾಗಿ ಮಾಡಿಸಿದ್ದಕ್ಕೆ ಮೂರು ದಿನದ ಬದಲು ಎಂಟು ಹಿಡಿಯಿತು. ಹಲಗೆ ಏರುತ್ತದೆ, ಇಳಿಯುತ್ತದೆ, ಬಗ್ಗುವ ಮಾತೇ ಇಲ್ಲ. ಒಂದು ಶಿಫ್ಟಿಗೆ ಇನ್ನೂರು ಶೀಟು ಹೆಚ್ಚು. ಮ್ಯಾನೇಜರ್ ಬಂದು ಕೈ ಕುಲುಕಿದರು. ಎಲ್ಲರ ಬಾಯಲ್ಲೂ 'ಮಾವನ ಗಾಡಿ'. ಪಿಸುಮಾತಿನಕ್ಕನೂ ಚಪ್ಪಾಳೆ ತಟ್ಟಿದಳು. ತನ್ನ ಮಾತು ನಡೆಯಿತು ಎಂಬ ಖುಷಿ ಅವಳಿಗೆ. ಹೆಸರು ಯಾರದೆಂದು ಅವಳು ಕೇಳಲಿಲ್ಲ. ಕೇಳಿದ್ದರೆ ಏನಾದರೂ ಹೇಳುತ್ತಿದ್ದೆ.

ಮನೆಯಲ್ಲಿ ಇವಳಿಗೆ ಹೇಳಿದೆ. "ಇಷ್ಟು ತಲೆ ಓಡತ್ತೆ ಅಂದ್ರೆ ಬಚ್ಚಲ ನಲ್ಲಿ ಮೂರು ವರ್ಷದಿಂದ ಯಾಕೆ ಸೋರ್ತಿದೆ?" ಎಂದಳು. ಹೆಂಡತಿಯ ಹತ್ತಿರ ಯಾವ ಚೀಟಿಯೂ ನಡೆಯುವುದಿಲ್ಲ.

ಅಕ್ಕನ ಮಗಳು ಮಾತ್ರ ಸೊರಗಿದ್ದಾಳೆ. ಈ ಚೀಟಿ ಪದ್ಧತಿ ಮೂರು ತಿಂಗಳ ಪರೀಕ್ಷೆಯಂತೆ. ಶೀಟಿನ ಲೆಕ್ಕ ಬೀಳಬಾರದು. ಬಿದ್ದರೆ ಬೋರ್ಡು ಇಳಿಯುತ್ತದೆ, ಟೋಕನ್ ಬರುತ್ತದೆ, ಅವಳನ್ನೂ ಕಳಿಸುತ್ತಾರೆ. ಇಪ್ಪತ್ತೆರಡಕ್ಕೆ ಮಾಲೀಕರೇ ನೋಡಲು ಬರುತ್ತಾರೆ. ನಾನಿಲ್ಲವಾ, ಹೆದರಬೇಡ ಎಂದೆ.

ಮಾರ್ಚ್ 19, ಮಂಗಳವಾರ. ಊಟದ ಬಿಡುವು, ಬಟ್ಟೆ ಗೋದಾಮಿನ ಹಿಂದೆ

ಪಿಸುಮಾತಿನಕ್ಕ ಮತ್ತೆ ಬಂದಳು. ಹೇಳಿದ್ದನ್ನು ಹೇಳಿದ ಹಾಗೇ ಬರೆದಿಡುತ್ತೇನೆ. "ಮಾವ, ಎರಡನೇ ರೋಲರ್ ತಡೆಪಟ್ಟಿ ಮುಟ್ಟಿದ್ರೆ ತಕ್ಷಣ ನಿಲ್ಲಲ್ಲ. ಒಂದು ಗೇಣು ತಿರುಗಿ ನಿಲ್ಲತ್ತೆ. ಮೊದಲ್ನೇದು ಹಾಗಲ್ಲ. ಯಾರ್ದಾದ್ರೂ ಕೈ ಹೋಗತ್ತೆ. ಬರೀರಿ."

ತಡೆಪಟ್ಟಿ ಅಂದರೆ ರೋಲರಿನ ಬಾಯಿಯ ಮುಂದಿರುವ ಕಂಬಿ. ಶೀಟು ಒಳಗೆ ಬಿಡುವಾಗ ಬೆರಳು ತೀರಾ ಹತ್ತಿರ ಹೋದರೆ ಆ ಕಂಬಿಗೆ ತಾಗುತ್ತದೆ, ತಾಗಿದ ಕ್ಷಣವೇ ರೋಲರ್ ನಿಲ್ಲಬೇಕು.

ಎರಡನೇ ರೋಲರ್ ನನ್ನದು. ಹದಿನೆಂಟು ವರ್ಷ. ನನಗೆ ಜನವರಿಯಿಂದಲೇ ಗೊತ್ತು. ಶೀಟಿನ ಮೂಲೆ ಹಿಡಿದು ಬೀಸಿ ಎಸೆಯುವ ನನ್ನ ವರಸೆಗೆ ಕಂಬಿಯ ಹಂಗಿಲ್ಲ, ಹಾಗಾಗಿ ಸುಮ್ಮನಿದ್ದೆ. ನನ್ನ ರೋಲರ್ ಸಾಧು ಹಸು ಎಂದು ಮೊನ್ನೆಯಷ್ಟೇ ಮ್ಯಾನೇಜರ್ ಮುಂದೆ ಕೊಚ್ಚಿಕೊಂಡಿದ್ದೇನೆ. ಈಗ ಬರೆದರೆ ಫಿಟ್ಟರ್ ಬಿಚ್ಚುತ್ತಾನೆ, ಎರಡು ದಿನ ಬಂದ್. ಇಪ್ಪತ್ತೆರಡಕ್ಕೆ ಮಾಲೀಕರು ಬಂದು ನೋಡುವುದು ಬಿಚ್ಚಿಟ್ಟ ರೋಲರನ್ನು. ಲೆಕ್ಕವೂ ಬೀಳುತ್ತದೆ. ಹುಡುಗಿಯ ಗತಿ?

ಆಗಲಿ ಎಂದು ಪೆನ್ನು ತೆಗೆದೆ. ಬರೆದದ್ದು ಬೇರೆ. 'ಹೆಂಗಸರು ಕೈ ತೊಳೆಯುವ ಕೋಣೆಯ ಕನ್ನಡಿ ತುಂಬಾ ಎತ್ತರ. ಮುಖ ನೋಡಲು ಹೋದರೆ ಚಾವಣಿ ಕಾಣುತ್ತದೆ.' ಕೆಳಗೆ ಅವಳ ಹೆಸರು — ಈ ಸಲ ಅವಳದೇ. ಅವಳೆದುರೇ ಅಂಟಿಸಿದೆ. ಎಡದಿಂದ ಮೂರನೆಯದು. ಅವಳು ಅದನ್ನು ಬೆರಳಿನಿಂದ ಒತ್ತಿ ಒತ್ತಿ ಗಟ್ಟಿ ಮಾಡಿದಳು.

ಇಪ್ಪತ್ತೆರಡು ದಾಟಲಿ. ಆಮೇಲೆ ಫಿಟ್ಟರ್ ಕಿವಿಯಲ್ಲಿ ನಾನೇ ಹಾಕುತ್ತೇನೆ. ಮೂರು ದಿನ ತಾನೆ.

ಮಾರ್ಚ್ 22, ಶುಕ್ರವಾರ

ಮಾಲೀಕರು ಬಂದರು. ಗಾಡಿಯ ಹಲಗೆ ಒತ್ತಿ ಒತ್ತಿ ನೋಡಿದರು. ನನ್ನನ್ನು ಕರೆದು ಎಷ್ಟು ಓದಿದ್ದೀಯ ಎಂದರು. ಓದಿದ್ದು ಕಮ್ಮಿ ಸಾರ್, ಕಂಡಿದ್ದು ಜಾಸ್ತಿ ಎಂದೆ. ಬೋರ್ಡಿಗೆ ಮೂಗು ತಗುಲಿಸಿ ಒಂದೊಂದೇ ಚೀಟಿ ಮನಸ್ಸಿನಲ್ಲೇ ಓದಿ, ಕನ್ನಡಿಯದಕ್ಕೆ ಹೊಟ್ಟೆ ಕುಣಿಸಿ ನಕ್ಕರು. ಇದನ್ನು ಈಗಲೇ ಮಾಡ್ರಯ್ಯ ಎಂದರು. ಅರ್ಧ ಗಂಟೆಯಲ್ಲಿ ಕನ್ನಡಿ ಇಳಿಯಿತು. ಮಾಲೀಕರೇ ಹಸಿರು ಪೆನ್ನು ಕೇಳಿ ತೆಗೆದುಕೊಂಡು ದೊಡ್ಡ ರೈಟ್ ಎಳೆದರು. ಅಕ್ಕನ ಮಗಳ ಮುಖದಲ್ಲಿ ತಿಂಗಳ ನಂತರ ಕಳೆ ಕಂಡಿತು.

ಪಿಸುಮಾತಿನಕ್ಕ ಆ ಕಡೆ ಮಡಚುವ ಮೇಜಿನಲ್ಲಿದ್ದಳು. ಯಂತ್ರದ ಸದ್ದಿನಲ್ಲಿ ಏನೂ ಕೇಳಿಸಿರಲಾರದು. ನೋಡಿದ್ದು ರೈಟ್ ಒಂದನ್ನೇ. ಶಿಫ್ಟ್ ಮುಗಿದಾಗ ಹತ್ತಿರ ಬಂದು ಕೇಳಿದಳು: "ಆಯ್ತಾ ಮಾವ?"

"ಹೂಂ. ರೈಟ್ ಬಿತ್ತಲ್ಲ."

ಹಾಗೆಂದೆ. ಸುಳ್ಳೇನಲ್ಲ. ರೈಟ್ ಬಿದ್ದದ್ದು ಹೌದು.

ಮಾರ್ಚ್ 23, ಶನಿವಾರ

ಫಿಟ್ಟರ್ ರಜೆ. ಸೋಮವಾರ ಬರುತ್ತಾನೆ.

ಪಿಸುಮಾತಿನಕ್ಕನ ಹತ್ತಿರ ಒಂದು ಮರದ ಕೋಲಿತ್ತು, ಮೊಳದುದ್ದ. ಎರಡನೇ ರೋಲರಿನಲ್ಲಿ ಶೀಟಿನ ಮಡಿಕೆ ಬಿಡಿಸಲು ಕೈ ಹಾಕುವ ಬದಲು ಅದನ್ನೇ ಬಳಸುತ್ತಿದ್ದಳು. ಎಲ್ಲರೂ ಅಕ್ಕನ ಸೌಟು ಎಂದು ಆಡಿಕೊಳ್ಳುತ್ತಿದ್ದರು; ಆ ಹೆಸರಿಟ್ಟವನು ನಾನೇ. ಇವತ್ತು ಅದು ಗೋಡೆಯ ಮೊಳೆಗೆ ನೇತಾಡುತ್ತಿದೆ. ಇನ್ನು ಇದು ಬೇಡವಲ್ಲ ಮಾವ, ಕೋಲಿನಿಂದ ಕೆಲಸ ನಿಧಾನ ಎಂದಳು.

ಆಗಲೇ ಹೇಳಬಹುದಿತ್ತು. ಬಾಯಿಯವರೆಗೆ ಬಂತು. ಸುತ್ತ ಜನ ಇದ್ದರು. ಕೋಲು ಇಟ್ಟುಕೋ, ಒಳ್ಳೆಯದು ಎಂದೆ. ತಮಾಷೆ ಎಂದುಕೊಂಡು ನಕ್ಕಳು. ನಾನು ಏನು ಹೇಳಿದರೂ ಜನ ಮೊದಲು ನಗುತ್ತಾರೆ.

ಮಾರ್ಚ್ 25, ಸೋಮವಾರ

ಫಿಟ್ಟರ್ ಬಂದ. ಹೋದೆ. ಅವನ ಪಕ್ಕದಲ್ಲೇ ಮ್ಯಾನೇಜರ್ ಇದ್ದರು. ಇವರೇ ನಮ್ಮ ಗಾಡಿ ಇಂಜಿನಿಯರ್ ಎಂದು ಬೆನ್ನು ತಟ್ಟಿದರು.

ನಾಳೆ.

ಏಪ್ರಿಲ್ 2, ಮಂಗಳವಾರ

ಬರೆಯದೆ ಎಂಟು ದಿನ.

ಕಳೆದ ಗುರುವಾರ ಹನ್ನೊಂದು ಗಂಟೆಗೆ ಜಾಗ ಬದಲಾಯಿತು. ಪಿಸುಮಾತಿನಕ್ಕ ಎರಡನೇ ರೋಲರಿಗೆ, ನಾನು ಮಡಚುವ ಮೇಜಿಗೆ. ಶೀಟಿನ ಒಂದು ಮೂಲೆ ಮಡಚಿಕೊಂಡು ಒಳಗೆ ಹೋಗುತ್ತಿತ್ತು. ಬಿಡಿಸಲು ಕೈ ಚಾಚಿದಳು. ಕಂಬಿ ತಾಗಿತು. ತಾಗಿದ ಮೇಲೆ ನಿಲ್ಲುತ್ತದೆ ಎಂದು ಅವಳು ಕೈ ಹಿಂದಕ್ಕೆ ಎಳೆದುಕೊಳ್ಳಲೂ ಇಲ್ಲ. ಅದು ಗೇಣು ತಿರುಗಿಯೇ ನಿಂತಿತು.

ಅವಳು ಕೂಗಿದಳು. ಅವಳ ದನಿ ಅಷ್ಟು ದೊಡ್ಡದೆಂದು ಇಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಬಲಗೈ. ಮೂರು ಬೆರಳು.

ರೋಲರನ್ನು ಹಿಂದಕ್ಕೆ ತಿರುಗಿಸಿ ಕೈ ಬಿಡಿಸಿದವನು ನಾನೇ. ಹೇಗೆ ತಿರುಗಿಸಬೇಕೆಂದು ನನಗೊಬ್ಬನಿಗೇ ಗೊತ್ತಿತ್ತು. ಮಾವ ಇಲ್ಲದಿದ್ದರೆ ಕೈಯೇ ಹೋಗುತ್ತಿತ್ತು ಎಂದು ಎಲ್ಲರೂ ಹೇಳುತ್ತಿದ್ದಾರೆ. ಹೇಳಬೇಡಿ ಎಂದರೆ, ದೊಡ್ಡ ಮನುಷ್ಯ ಎನ್ನುತ್ತಾರೆ.

ಏಪ್ರಿಲ್ 4, ಗುರುವಾರ. ಸಂಜೆ

ಅಕ್ಕನ ಮಗಳು ಮನೆಗೆ ಬಂದಳು. ಚಪ್ಪಲಿ ಬಿಡುವ ಮೊದಲೇ ಕೇಳಿದಳು.

"ಮಾವ, ರೋಲರ್ ವಿಷ್ಯ ನಿಮ್ಮ ಹತ್ರ ಬರೆಸಿದ್ದೆ ಅಂತಿದಾಳೆ ಅಕ್ಕ. ಬೋರ್ಡಲ್ಲಿ ಅವಳ ಹೆಸರಲ್ಲಿರೋದು ಕನ್ನಡಿ ಚೀಟಿ ಒಂದೇ. ಏನಾಯ್ತು?"

ಇವಳು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು.

"ಅವಳ ಮಾತು ಯಾರಿಗಮ್ಮ ಕೇಳಿಸತ್ತೆ? ನಂಗೆ ಕನ್ನಡಿ ಅಂತಲೇ ಕೇಳಿಸ್ತು."

ಹುಡುಗಿ ನನ್ನನ್ನೇ ನೋಡಿದಳು. ಸಣ್ಣವಳಿದ್ದಾಗ ಹೆಗಲ ಮೇಲೆ ಕೂರಿಸಿಕೊಂಡು ನಾನು ಹೇಳಿದ ಸುಳ್ಳು ಕಥೆಗಳಿಗೆಲ್ಲ ಹೂಂಗುಟ್ಟಿದವಳು. "ಸರಿ ಮಾವ. ಆ ಸದ್ದಲ್ಲಿ ಯಾರಿಗಾದ್ರೂ ಹಾಗಾಗತ್ತೆ" ಎಂದಳು. ನಂಬಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅವಳು ಹೋದ ಮೇಲೆ ಇವಳು ಒಂದೇ ಮಾತು ಆಡಿದಳು. ಪಕ್ಕದ ಮನೆಯಲ್ಲಿ ಚಮಚ ಬಿದ್ದರೆ ನಿಮಗೆ ಕೇಳಿಸುತ್ತದೆ ಎಂದಳು. ಮತ್ತೆ ಒಳಗೆ ಹೋದಳು.

ಏಪ್ರಿಲ್ 6, ಶನಿವಾರ

ಆಸ್ಪತ್ರೆಗೆ ಹೋಗಿದ್ದೆ. ಪಿಸುಮಾತಿನಕ್ಕ ಮಲಗಿದ್ದ ಶೀಟಿನ ಅಂಚಿನಲ್ಲಿ ನಮ್ಮ ಲಾಂಡ್ರಿಯ ನೀಲಿ ದಾರದ ಗುರುತು. ಎರಡನೇ ರೋಲರಿನದೇ. ಅದರ ಇಸ್ತ್ರಿಯಲ್ಲಿ ಎಡ ಅಂಚಿಗೆ ಒಂದು ಸಣ್ಣ ಗೆರೆ ಬೀಳುತ್ತದೆ, ಬೇರೆ ಯಾರಿಗೂ ಕಾಣದು. ಅದನ್ನೇ ನೋಡುತ್ತ ಕೂತೆ. ಬ್ಯಾಂಡೇಜು ನೋಡಬೇಕಾಗಿ ಬರಲಿಲ್ಲ.

ಅವಳು ಬೈಯಲಿಲ್ಲ. ಕೇಳಿದಳು, "ಮಾವ, ಆ ಹಸಿರು ರೈಟು ಯಾವುದಕ್ಕೆ ಹಾಕಿದ್ದು?"

ಡಾಕ್ಟರ್ ಬಂದರು. ಎದ್ದು ಜಾಗ ಬಿಟ್ಟೆ. ಬಾಗಿಲ ಹತ್ತಿರ ಬಂದಾಗ ಅವಳು ಹಿಂದಿನಿಂದ ಏನೋ ಅಂದಳು. ಓದೋಕೆ ಬಂದಿದ್ರೆ ನಾನೇ ಓದ್ಕೊತಿದ್ದೆ, ಎಂದು. ಅಷ್ಟು ಮೆಲ್ಲಗೆ ಅಂದದ್ದು. ಒಂದಕ್ಷರವೂ ಬಿಡದೆ ಕೇಳಿಸಿತು.

ಆ ಅಜ್ಜಿಯ ಕಾಗದದ ಕಥೆ ಹೇಳಿ ಎಲ್ಲರನ್ನೂ ನಗಿಸುತ್ತೇನಲ್ಲ... ಅರ್ಧ ಹೇಳುವುದಿಲ್ಲ. ಅಜ್ಜಿ ಬರೆಸಿದ್ದು, ಕಣ್ಣು ಮಂಜಾಗುತ್ತಿದೆ, ಒಂದು ಸಲ ಬಂದು ಹೋಗು, ಎಂದು. ಅದನ್ನು ಬಿಟ್ಟು ಎಮ್ಮೆ ಬರೆದೆ. ಹಾಳೆಯಲ್ಲಿ ಜಾಗ ಇರಲಿಲ್ಲ. ಎಮ್ಮೆ ಹೆಚ್ಚು ತಮಾಷೆಯಾಗಿತ್ತು. ಮಗ ಬರಲಿಲ್ಲ. ಅವಳು ಕೊನೆಯವರೆಗೂ ಅಂಚೆಯವನ ಸೈಕಲ್ ಸದ್ದಿಗೆ ಹೊರಗೆ ಬರುತ್ತಿದ್ದಳು, ಗೋಡೆ ತಡವಿಕೊಂಡು.

ಏಪ್ರಿಲ್ 8, ಸೋಮವಾರ

ಬೋರ್ಡು ಇಳಿಸಿ ಗೋಡೆಗೆ ಮುಖಮಾಡಿ ನಿಲ್ಲಿಸಿದ್ದಾರೆ. ಬಚ್ಚಲ ಬಾಗಿಲಲ್ಲಿ ಟೋಕನ್ನಿನ ಕೊಕ್ಕೆ ಮತ್ತೆ ಬಂದಿದೆ. ಎಂಟು ಗಂಟೆ ಒಂದೇ ಜಾಗ. ಬೆಳಗಿನ ಹತ್ತು ನಿಮಿಷ ಈಗ ಇಲ್ಲ. ಆ ಹೊತ್ತಿಗೆ ಎಲ್ಲರೂ ಅಭ್ಯಾಸಬಲದಿಂದ ಒಮ್ಮೆ ಖಾಲಿ ಗೋಡೆ ನೋಡುತ್ತಾರೆ.

ಬುಧವಾರ ವಿಚಾರಣೆ. ವರದಿ ಮೊದಲೇ ಸಿದ್ಧವಾದ ಹಾಗಿದೆ. ಬಾಯ್ಲರ್ ಅಣ್ಣ ಆಫೀಸಿನ ಕಿಟಕಿಯಲ್ಲಿ ಕೇಳಿಸಿಕೊಂಡು ಬಂದು ಹೇಳಿದ: ಪಳಗದವರನ್ನು ಯಂತ್ರಕ್ಕೆ ಬಿಟ್ಟದ್ದು ಸೂಪರ್‌ವೈಸರ್ ತಪ್ಪು, ಕೈ ಒಳಗೆ ಹಾಕಿದ್ದು ಹೆಂಗಸಿನ ಅಜಾಗ್ರತೆ. ಇಬ್ಬರನ್ನೂ ತೆಗೆಯುತ್ತಾರೆ. ಮ್ಯಾನೇಜರ್ ಮಾತೊಂದನ್ನು ಅವನು ಹಾಗೇ ಆಡಿ ತೋರಿಸಿದ: "ಕನ್ನಡಿ ತೊಂದರೆ ಬರೆಸೋಕೆ ನೆನಪಾಯ್ತು, ಯಂತ್ರದ್ದು ಆಗ್ಲಿಲ್ವಾ ಅವಳಿಗೆ?"

ತಡೆಪಟ್ಟಿ ಕೆಟ್ಟದ್ದನ್ನು ಫಿಟ್ಟರ್ ಒಪ್ಪಿಕೊಂಡಿದ್ದಾನಂತೆ. ಅಪಘಾತದ ಹೊತ್ತಿಗೇ ಕೆಟ್ಟಿರಬೇಕು, ಮೊದಲೇ ಕೆಟ್ಟಿದ್ದರೆ ಚೀಟಿ ಬರುತ್ತಿರಲಿಲ್ಲವೇ, ಎಂದು ಬರೆದುಕೊಟ್ಟಿದ್ದಾನೆ. ಚೀಟಿಯ ಮೇಲೆ ಅಷ್ಟು ನಂಬಿಕೆ ಎಲ್ಲರಿಗೂ.

ಹೆಂಗಸರ ಕೈ ತೊಳೆಯುವ ಕೋಣೆಯ ಬಾಗಿಲು ತೆರೆದಿತ್ತು. ಹಾದು ಹೋಗುವಾಗ ಕನ್ನಡಿ ಕಂಡಿತು. ಸರಿಯಾದ ಎತ್ತರದಲ್ಲಿದೆ. ಮುಖ ಪೂರ್ತಿ ಕಾಣುತ್ತದೆ. ಬೇಗ ದಾಟಿದೆ.

ಏಪ್ರಿಲ್ 9, ಮಂಗಳವಾರ. ಬೆಳಗ್ಗೆ

ಮಾರ್ಚ್ ಹತ್ತೊಂಬತ್ತರ ಪುಟ ತೆಗೆದು ನೋಡಿದೆ. ಎಲ್ಲ ಇದೆ. ಅವಳ ಮಾತು, ತಾರೀಕು, ನಾನು ಏನು ಬರೆದೆ, ಯಾಕೆ ಬರೆದೆ. ಜನವರಿಯಿಂದ ಗೊತ್ತು ಎಂಬುದೂ. ಇಷ್ಟು ಅಚ್ಚುಕಟ್ಟಾಗಿ ಯಾಕೆ ಬರೆದಿಟ್ಟೆನೋ. ಅಕ್ಷರದ ಜಂಬ, ಮತ್ತೇನು.

ಬ್ಲೇಡು ತಂದೆ. ಹೊಲಿಗೆಯ ಹತ್ತಿರ ಇಟ್ಟು ಎಳೆದರೆ ಒಂದು ಕ್ಷಣದ ಕೆಲಸ. ಮೂರು ಮಾತು ಸಾಕು: ಕೇಳಿಸಲಿಲ್ಲ, ಗೊತ್ತಿರಲಿಲ್ಲ, ನೆನಪಿಲ್ಲ. ನನ್ನ ರೋಲರ್ ನನ್ನದೇ ಆಗಿರುತ್ತದೆ. ಮಾವನ ಗಾಡಿ ಮಾವನದೇ.

ಬ್ಲೇಡು ಹಾಗೇ ಇದೆ. ಪುಟವೂ.

ಇವಳು ಚಹಾ ತಂದಿಟ್ಟಳು. ಬ್ಲೇಡು ನೋಡಿದಳು, ಪುಸ್ತಕ ನೋಡಿದಳು. ಅವಳಿಗೂ ಓದು ಬಾರದು. ಮೂವತ್ತು ವರ್ಷದಿಂದ ನಾನು ಹೀಗೆ ಬರೆಯುವುದನ್ನು ಕಂಡಿದ್ದಾಳೆ, ಏನು ಎಂದು ಒಮ್ಮೆಯೂ ಕೇಳಿಲ್ಲ. ಇವತ್ತು ಕೇಳಿದಳು.

"ಅದ್ರಲ್ಲಿ ನನ್ನ ಮಾತನ್ನಾದ್ರೂ ಸರಿಯಾಗಿ ಬರ್ದಿದೀರಾ?"

ಹಿಂದಿನ ಪುಟಗಳನ್ನು ತಿರುವಿ ನಲ್ಲಿಯ ಮಾತು ಓದಿ ಹೇಳಿದೆ. ಹಾಗೇ ಅಂದಿದ್ದೆ, ಸರಿಯಾಗಿದೆ, ಎಂದಳು. ಇನ್ನೂ ಸೋರುತ್ತಿದೆ ಎಂದೂ ಸೇರಿಸಿದಳು.

ಏಪ್ರಿಲ್ 10, ಬುಧವಾರ. ಹತ್ತೂವರೆ, ಆಫೀಸಿನ ಹೊರಗಿನ ಬೆಂಚು

ಫಿಟ್ಟರ್ ಒಳಗೆ ಹೋಗಿ ಬಂದ. ಈಗ ಅಕ್ಕನ ಮಗಳು ಒಳಗಿದ್ದಾಳೆ. ಬಾಗಿಲ ಗಾಜಿನಲ್ಲಿ ಅವಳ ಬೆನ್ನು ಕಾಣುತ್ತದೆ. ನೇರವಾಗಿ ಕೂತಿದ್ದಾಳೆ. ಅವಳ ನಂತರ ನಾನು.

ಬೆಂಚಿನಲ್ಲಿ ಪಕ್ಕಕ್ಕೆ ಪಿಸುಮಾತಿನಕ್ಕನ ಗಂಡ, ಅವಳ ಪರವಾಗಿ ಬಂದಿದ್ದಾನೆ. ದರ್ಜಿಯಂತೆ. ನನಗೆ ಎದ್ದು ಕೈ ಮುಗಿದ. ನೀವೇ ಅಲ್ಲವೇ ಕೈ ಬಿಡಿಸಿದವರು, ಎಂದ. ಕೂತುಕೊಳ್ಳಿ ಎಂದೆ.

ಪುಸ್ತಕ ಚೀಲದಲ್ಲಿದೆ. ಎರಡು ಪುಟಕ್ಕೆ ಗುರುತು ಇಟ್ಟಿದ್ದೇನೆ — ಹತ್ತೊಂಬತ್ತನೇ ತಾರೀಕು, ಆರನೇ ತಾರೀಕು. ಗಾಡಿಯೂ ಅವಳದೇ. ಮೇಜಿನ ಮೇಲೆ ಇಡುತ್ತೇನೆ. ಅವರೇ ಓದಿಕೊಳ್ಳಲಿ. ಬಾಯಿಂದ ಹೇಳಹೊರಟರೆ ನಡುವೆ ಎಲ್ಲೋ ಒಂದು ಎಮ್ಮೆ ಸೇರಿಸಿಬಿಡುತ್ತೇನೆ, ನನ್ನನ್ನು ನಾನು ಬಲ್ಲೆ. ಇಟ್ಟ ಮೇಲೆ ಪುಸ್ತಕ ಹಿಂದೆ ಬರುವುದಿಲ್ಲ. ಇನ್ನು ಬರೆಯಲು ಇರುವುದು ಇಷ್ಟೇ ಜಾಗ, ಇಷ್ಟೇ ಹೊತ್ತು.

ಅಕ್ಕನ ಮಗಳು ಇದನ್ನು ಓದುತ್ತಾಳೆ. ನನ್ನನ್ನು ನಂಬಿದ್ದಳು.

ಜೇಬಿನಲ್ಲಿ ಒಂದು ಖಾಲಿ ಹಳದಿ ಚೀಟಿ ಸಿಕ್ಕಿತು. ಪುಸ್ತಕಕ್ಕೆ ಅಂಟಿಸಿದೆ, ಇಲ್ಲೇ ಕೆಳಗೆ. ಬಾಗಿಲು ತೆರೆಯಿತು. ಅವಳು ಹೊರಗೆ ಬರುತ್ತಿದ್ದಾಳೆ, ನನ್ನನ್ನು ಕೂಗುತ್ತಿದ್ದಾರೆ. ಒಂದು ನಿಮಿಷ ಸಾರ್. ಮೊದಲು ಪಿಸುಮಾತಿನಕ್ಕನ ಹೆಸರು. ಬರೆದೆ. ಇನ್ನು ಅವಳು ಹೇಳಿದ್ದು, ಹೇಳಿದ ಹಾಗೇ:

ಎರಡನೇ ರೋಲರ್ ತಡೆಪಟ್ಟಿ ಮುಟ್ಟಿದ್ರೆ ತಕ್ಷಣ